ಗಾಣಿಗರ ಕೆರೆಗೊಂದು ಮೋಟಾರು

ಸುಧೀಂದ್ರ ರಾಯರು ಆ ದಿನ ಹೌದೆಂದು ತಲೆಯಾಡಿಸಿದರೋ, ಇಲ್ಲ ಬಾಯಿ ತುಂಬ ಇದ್ದ ಉದ್ದಿನ ವಡೆಯನ್ನು ಅಗಿಯುವ ರಭಸಕ್ಕೆ ತಲೆ ತಾನಾಗಿಯೇ ಆಡಿತೋ ಎಂಬ ಬಗ್ಗೆ ಚಂದ್ರಾ ಲೇಔಟಿನಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ. ವಡೆಯ ಪಕ್ಷದಲ್ಲಿರುವವರು ರಾಯರೊಬ್ಬರೇ. ಅವರ ಹೆಂಡತಿ ಅನಂತಲಕ್ಷ್ಮಿ ಕೂಡ ಎದುರು ಪಕ್ಷದಲ್ಲಿದ್ದಾರೆ.

ನಡೆದದ್ದು ಹೀಗೆ. ಮೂಡಲಪಾಳ್ಯದ ಹಿಂಭಾಗದಲ್ಲಿ ಗಾಣಿಗರ ಕೆರೆ ಎಂಬುದೊಂದಿದೆ. ದೂರದಿಂದ ನೋಡಿದವರು ಅದನ್ನು ಆಟದ ಮೈದಾನವೆಂದು ತಿಳಿದು ಚೆಂಡು ತಂದದ್ದೂ ಉಂಟು. ನೀರಿನ ಮೇಲೆ ಅಷ್ಟು ಕಳೆ ಬೆಳೆದಿತ್ತು. ಕಳೆ ಕೀಳಲು ದೋಣಿ ಬೇಕೆಂದು ಕೆರೆ ಸಮಿತಿ ತೀರ್ಮಾನಿಸಿತು. ಸಮಿತಿಯ ಅಧ್ಯಕ್ಷ ಮುನಿವೆಂಕಟಪ್ಪ ಹಳೇ ಊರಿನವರು. ಅವರ ತಂದೆ ರಾಮಯ್ಯ ಕೆರೆಯ ತೂಬು ನೋಡಿಕೊಂಡು, ಕೆರೆಯ ಕೆಳಗೆ ರಾಗಿ ಬೆಳೆಯುತ್ತಿದ್ದರು. ಅದೇ ಜಮೀನಿನಲ್ಲಿ ಮಗ ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಿದ್ದಾರೆ. ತೀರಿಕೊಂಡ ತಂದೆಯ ಹೆಸರಿನಲ್ಲಿ ಒಂದು ಫೈಬರ್ ದೋಣಿಯನ್ನು ಅವರೇ ಕೊಡಿಸಿ, ಅದರ ಪಕ್ಕೆಯ ಮೇಲೆ 'ರಾಮಯ್ಯ' ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದರು. ಇನ್ನು ಬಾಕಿ ಇದ್ದದ್ದು ಮೋಟಾರು.

"ಪೆಟ್ರೋಲ್ ಎಂಜಿನ್ ಹಾಕೋ ಹಾಗಿಲ್ಲ," ಎಂದರು ಸಭೆಗೆ ಬಂದಿದ್ದ ಕೆರೆ ವಿಭಾಗದ ಎಂಜಿನಿಯರ್ ಶಶಿಕಲಾ ಮೇಡಂ. "ಹಕ್ಕಿಗಳಿವೆ. ಸದ್ದು, ಹೊಗೆ ಎರಡೂ ಆಗಲ್ಲ. ದೋಣಿ ಹಿಂದಕ್ಕೆ ಸಿಕ್ಕಿಸೋ ಎಲೆಕ್ಟ್ರಿಕ್ ಔಟ್‌ಬೋರ್ಡೇ ಆಗ್ಬೇಕು."

"ಬೋರ್ಡ್ ಔಟ್‌ಸೈಡೇ ಹಾಕೋಣ ಮೇಡಂ, ಎಲ್ರಿಗೂ ಕಾಣ್ಬೇಕು," ಎಂದು ಹಿಂದಿನ ಸಾಲಿನಿಂದ ಯಾರೋ ಒಪ್ಪಿಗೆ ಸೂಚಿಸಿದರು.

ದೋಣಿಯ ಮೋಟಾರಿನ ಬಗ್ಗೆ ತಿಳಿದವರು ಅಲ್ಲಿ ಯಾರೂ ಇರಲಿಲ್ಲ. ಸುಧೀಂದ್ರ ರಾಯರೂ ತಿಳಿದವರಲ್ಲ. ಆದರೆ ನಿವೃತ್ತರಾದ ಮೇಲೆ ಅವರಿಗೆ ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ನೋಡುವ ಚಟ ಹತ್ತಿತ್ತು. ಹಿಂದಿನ ದಿನ ತಾನೇ, ಮಂಡಿ ಉದ್ದ ಗಡ್ಡದ ಪರದೇಶದವನೊಬ್ಬ ಯಾವುದೋ ಸರೋವರದಲ್ಲಿ ಕೂತು ಇಂಥದ್ದೇ ಮೋಟಾರಿನ ಬಗ್ಗೆ ಮಾತಾಡಿದ್ದನ್ನು ಅರ್ಧ ನೋಡಿ ನಿದ್ದೆ ಹೋಗಿದ್ದರು. ಎಚ್ಚರವಿದ್ದ ಅರ್ಧದಲ್ಲಿ ಒಂದು ಪದ ತಲೆಯಲ್ಲಿ ಉಳಿದಿತ್ತು.

"ಹಾರ್ಸ್‌ಪವರ್ ನೋಡೋದಲ್ಲ," ಎಂದರು ರಾಯರು. "ಥ್ರಸ್ಟ್ ನೋಡ್ಬೇಕು. ಥ್ರಸ್ಟ್."

ಇಡೀ ಸಭೆ ಅವರತ್ತ ತಿರುಗಿತು. ಮೂವತ್ತೈದು ವರ್ಷದ ಸರ್ಕಾರಿ ನೌಕರಿಯಲ್ಲಿ ಯಾವ ಸಭೆಯೂ ರಾಯರ ಕಡೆ ತಿರುಗಿದ್ದಿಲ್ಲ. ಅವರಿಗೆ ಕಿವಿ ಬೆಚ್ಚಗಾಯಿತು. ಅದೇ ಹೊತ್ತಿಗೆ ವಡೆ ಬಂತು. ರಾಯರು ಗಾಂಭೀರ್ಯದಿಂದ ಒಂದನ್ನು ಬಾಯಿಗೆ ಹಾಕಿಕೊಂಡರು.

"ಇದೆಲ್ಲ ಎಲ್ಲಿ ಕಲ್ತ್ರಿ ಸಾರ್?" ಎಂದರು ಮುನಿವೆಂಕಟಪ್ಪ.

"ಕಾರವಾರದಲ್ಲಿದ್ದೆ. ಎರಡು ವರ್ಷ," ಎಂದು ರಾಯರು ಇನ್ನೊಂದು ವಡೆ ಬಾಯಿಗೆ ತುಂಬಿಕೊಂಡರು.

"ಕಾರವಾರಾ! ಅಂದ್ರೆ, ನೇವಿ ಬೇಸಾ?"

ಇಲ್ಲಿಯೇ ಆ ತಲೆಯಾಟ ನಡೆದದ್ದು.

ನಿಜವೇನೆಂದರೆ ರಾಯರು ಕಾರವಾರದಲ್ಲಿ ಎರಡು ವರ್ಷ ಇದ್ದದ್ದು ಹೌದು, ತೂಕ ಮತ್ತು ಅಳತೆ ಇಲಾಖೆಯಲ್ಲಿ. ಅಲ್ಲಿ ಅವರ ಕೆಲಸ ಮೀನು ಮಾರ್ಕೆಟ್ಟಿನ ತಕ್ಕಡಿಗಳಿಗೆ ಮುದ್ರೆ ಒತ್ತುವುದು. ಈರುಳ್ಳಿಯನ್ನೂ ವಾರಕ್ಕೆ ಕೆಲವು ದಿನ ಮಾತ್ರ ಮುಟ್ಟುವ ಮನೆಯಲ್ಲಿ ಹುಟ್ಟಿದ ರಾಯರು, ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡು, ಬಂಗಡೆ ಬುಟ್ಟಿಗಳ ನಡುವೆ ಆ ಎರಡು ವರ್ಷ ಕಳೆದಿದ್ದರು. ಅದನ್ನು ಮಾವನ ಮನೆಯಲ್ಲಿ 'ಬಂದರಿನ ಕಡೆ ಪೋಸ್ಟಿಂಗು' ಎಂದಷ್ಟೇ ಹೇಳುತ್ತಿದ್ದರು. ತುಂಬಿದ ಸಭೆಯಲ್ಲಿ, ಮೇಡಂ ಎದುರಿಗೆ, ವಡೆ ನುಂಗಿ ಇದನ್ನೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಚಪ್ಪಾಳೆ ಬಿದ್ದಾಗಿತ್ತು. ಮೋಟಾರು ಆರಿಸುವ ಹೊಣೆ 'ನಮ್ಮ ನೇವಿ ಸಾರ್' ಅವರದು ಎಂದು ಮುನಿವೆಂಕಟಪ್ಪ ಘೋಷಿಸಿಬಿಟ್ಟರು.

ಮರುದಿನ ಬೆಳಿಗ್ಗೆ ರಾಯರು ವಾಕಿಂಗಿಗೆ ಹೋದಾಗ ಪಾರ್ಕಿನ ಕಾವಲುಗಾರ ಬೀಡಿ ಎಸೆದು, ಹಿಮ್ಮಡಿ ಜೋಡಿಸಿ, ಸಲ್ಯೂಟ್ ಹೊಡೆದ. ರಾಯರು ಹಿಂದೆ ಯಾರಾದರೂ ದೊಡ್ಡವರು ಬರುತ್ತಿದ್ದಾರೇನೋ ಎಂದು ತಿರುಗಿ ನೋಡಿದರು. ಹಿಂದೆ ಒಂದು ನಾಯಿ ಮಾತ್ರ ಇತ್ತು. ದರ್ಶಿನಿಯಲ್ಲಿ ಕಾಫಿಗೆ ಕೈ ಚಾಚಿದರೆ ಕ್ಯಾಶಿನಲ್ಲಿ ಕೂತವನು, "ಕ್ಯಾಪ್ಟನ್ ಸಾರ್‌ಗೆ ಸ್ಟ್ರಾಂಗ್ ಕೊಡೋ!" ಎಂದು ಕೂಗಿದ. ಬಂದ ಕಾಫಿ ಎಷ್ಟು ಸ್ಟ್ರಾಂಗಾಗಿತ್ತೆಂದರೆ ರಾಯರಿಗೆ ಮಧ್ಯಾಹ್ನದವರೆಗೆ ಎದೆ ಹೊಡೆದುಕೊಳ್ಳುತ್ತಿತ್ತು. ಕಾಫಿಗೋ ನಾಚಿಕೆಗೋ ಅವರಿಗೇ ತಿಳಿಯಲಿಲ್ಲ.

ಪಕ್ಕದ ಮನೆಯ ಶಿವಕ್ಕ ಕಾಂಪೌಂಡಿನ ಮೇಲೆ ಮೊಣಕೈ ಊರಿ ಕಾಯುತ್ತಿದ್ದರು. ಒಂದು ಸುದ್ದಿ ಅವರ ಕೈಗೆ ಬಂದರೆ ಸಂಜೆಯೊಳಗೆ ಅದು ವಿಜಯನಗರ ದಾಟುತ್ತಿತ್ತು.

"ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಒಂದು ಮಾತು ಹೇಳಲಿಲ್ವಲ್ಲ ರಾಯರೇ! ಯುದ್ಧ ಗಿದ್ಧ ನೋಡಿದೀರಾ?"

ಈಗಲೇ ಹೇಳಿಬಿಡಬೇಕೆಂದು ರಾಯರು ನಿರ್ಧರಿಸಿದರು. ನೇರವಾಗಿ ಹೇಳುವ ಧೈರ್ಯ ಸಾಲದೆ, ಸ್ವಲ್ಪ ಸ್ವಲ್ಪವಾಗಿ ನಿಜದ ಕಡೆ ಸರಿಯೋಣವೆಂದುಕೊಂಡರು. "ಯುದ್ಧ ಅಂತಲ್ಲ ಶಿವಕ್ಕ. ಬೆಳಿಗ್ಗೆ ಬೆಳಿಗ್ಗೇನೇ ಶುರುವಾಗೋದು ಗಲಾಟೆ. ದೋಣಿಗಳು ದಡಕ್ಕೆ ಬಂದ ತಕ್ಷಣ."

"ಅಯ್ಯೋ ದೇವರೇ! ಶತ್ರುಗಳ ದೋಣೀನಾ?"

"ಶತ್ರುಗಳೇನಲ್ಲ. ಆದ್ರೆ ನಾನು ಹತ್ರ ಹೋದ್ರೆ ಕತ್ತಿ ಎತ್ಕೊಂಡೇ ಮಾತಾಡೋರು."

"ಕತ್ತೀನಾ! ನೀವೇನ್ ಮಾಡಿದ್ರಿ?"

"ನಾನೇನ್ ಮಾಡ್ಲಿ. ತಪ್ಪು ಕಂಡ್ರೆ ಅವರದ್ದೆಲ್ಲ ಸೀಜ್ ಮಾಡ್ತಿದ್ದೆ."

ಶಿವಕ್ಕ ಕಣ್ಣಿಗೆ ಸೆರಗು ಒತ್ತಿಕೊಂಡರು. "ಹೆಣಗಳನ್ನೂ ನೋಡಿರ್ಬೇಕು."

ರಾಯರ ಕಣ್ಣ ಮುಂದೆ ಬಂಗಡೆ ರಾಶಿ ಬಂತು. "ಲೆಕ್ಕ ಇಲ್ದಷ್ಟು," ಎಂದರು, ನಿಜವನ್ನೇ ಹೇಳುತ್ತ. ಸಂಜೆಯ ಹೊತ್ತಿಗೆ ಅವರು ಕಡಲ್ಗಳ್ಳರ ಹಡಗೊಂದನ್ನು ಬರಿಗೈಯಲ್ಲಿ ಹಿಡಿದಿದ್ದರು.

"ಕ್ಯಾಪ್ಟನ್ ಅವರೇ," ಎಂದರು ರಾತ್ರಿ ಊಟಕ್ಕೆ ಬಡಿಸುತ್ತ ಅನಂತಲಕ್ಷ್ಮಿ, "ಸಾರು ಹಾಕ್ಲಾ, ಇಲ್ಲ ದೂರದಿಂದ ಫಿರಂಗೀಲಿ ಹಾರಿಸ್ಲಾ?"

"ಅನೂ, ನಾಳೆ ಹೇಳಿಬಿಡ್ತೀನಿ ಕಣೇ. ಖಂಡಿತ."

"ನಾಳೆ ಯಾಕೆ? ಫೋನ್ ಇಲ್ಲೇ ಇದೆ."

"ಫೋನಲ್ಲಿ ಹೇಳೋ ವಿಷಯ ಅಲ್ಲ ಅದು."

"ಮೊದಲು ವಡೆ ಇತ್ತು, ಹೇಳಕ್ಕಾಗ್ಲಿಲ್ಲ. ಈಗ ಫೋನಿದೆ, ಹೇಳಕ್ಕಾಗಲ್ಲ," ಎಂದು ಅನಂತಲಕ್ಷ್ಮಿ ಸಾರನ್ನು ತಟ್ಟೆಯ ಹೊರಗೂ ಸ್ವಲ್ಪ ಬಡಿಸಿದರು.

ಆದರೆ ಬೆಳಗಾಗುತ್ತಲೇ ಮುನಿವೆಂಕಟಪ್ಪನವರ ಕಾರು ಮನೆ ಮುಂದೆ ನಿಂತಿತ್ತು. ನಾಯಂಡಹಳ್ಳಿಗೆ ಹೋಗಿ ಮೋಟಾರು ಆರಿಸಬೇಕು. ದಾರಿಯುದ್ದಕ್ಕೂ ರಾಯರು ಮಾತು ಜೋಡಿಸಿಕೊಂಡರು. ಜೋಡಿಸಿ ಬಾಯಿ ತೆರೆದಾಗಲೆಲ್ಲ ಯಾವುದೋ ಲಾರಿ ಹಾರನ್ ಹೊಡೆಯಿತು. ಮೈಸೂರು ರಸ್ತೆಯಲ್ಲಿ ಲಾರಿಗಳಿಗೇನೂ ಕೊರತೆ ಇಲ್ಲ.

ಅಂಗಡಿಯ ಮಾಲೀಕ ವಿಠ್ಠಲ ಬೋರ್‌ವೆಲ್ ಪಂಪು, ಯುಪಿಎಸ್ ಬ್ಯಾಟರಿ ಮಾರುವವನು. ಅವನ ಬಳಿ ದೋಣಿಯ ಮೋಟಾರು ಎರಡೇ ಇದ್ದವು. ಒಂದು ಕಪ್ಪಗೆ, ಗಿಡ್ಡಗೆ, ಮೂಲೆಯಲ್ಲಿ ಮುದುಡಿಕೊಂಡು ಕೂತಿತ್ತು. ಇನ್ನೊಂದು ಬೆಳ್ಳಗೆ, ಎತ್ತರವಾಗಿ, ನೆಟ್ಟಗೆ ನಿಂತಿತ್ತು. ಎರಡರದ್ದೂ ರಚನೆ ಒಂದೇ: ಮೇಲೆ ಹಿಡಿ, ಕೆಳಗೊಂದು ಕಂಬಿ, ಕಂಬಿಯ ತುದಿಯಲ್ಲಿ ನೀರೊಳಗೆ ತಿರುಗುವ ಫ್ಯಾನು. ದೋಣಿಯ ಹಿಂದಿನ ಹಲಗೆಗೆ ಸಿಕ್ಕಿಸಿ, ಬ್ಯಾಟರಿಗೆ ತಂತಿ ಕೊಟ್ಟರೆ ಮುಗಿಯಿತು.

"ಕರೀದು ಮೂವತ್ತು ಪೌಂಡ್ ಸಾರ್. ಬಿಳೀದು ಐವತ್ತೈದು," ಎಂದ ವಿಠ್ಠಲ.

"ಪೌಂಡ್ ಯಾಕ್ರೀ?" ಎಂದರು ಮುನಿವೆಂಕಟಪ್ಪ. "ನಾವು ರೂಪಾಯಲ್ಲೇ ಕೊಡ್ತೀವಿ."

"ರೇಟಲ್ಲ ಯಜಮಾನ್ರೇ. ಅದೇನೋ ತಳ್ಳೋ ಶಕ್ತಿಯಂತೆ. ನಂಗೂ ಸರಿಯಾಗ್ ಗೊತ್ತಿಲ್ಲ. ಸಾರ್ ಹೇಳ್ತಾರೆ."

ಇಬ್ಬರೂ ರಾಯರ ಮುಖ ನೋಡಿದರು. ಪೌಂಡು, ಸೇರು, ಮಣಗಳನ್ನು ಈ ನಾಡಿನ ಅಂಗಡಿಗಳಿಂದ ಓಡಿಸುವುದಕ್ಕೇ ಸಂಬಳ ತೆಗೆದುಕೊಂಡಿದ್ದ ರಾಯರಿಗೆ, ಓಡಿಸಿದ್ದ ಪೌಂಡು ಹೀಗೆ ನಾಯಂಡಹಳ್ಳಿಯಲ್ಲಿ ಅಡ್ಡಗಟ್ಟಿ ನಿಲ್ಲುತ್ತದೆಂದು ಗೊತ್ತಿರಲಿಲ್ಲ.

"ಪೌಂಡ್ ಅಂದ್ರೆ," ಎಂದರು, ಗಂಟಲು ಸರಿಮಾಡಿಕೊಂಡು, "ನೀರಲ್ಲಿ ಯಾವ ವಸ್ತು ಆದ್ರೂ ಹಗುರ ಆಗುತ್ತಲ್ಲ. ಕೆ.ಜಿ. ಕೂಡ ಹಗುರ ಆಗುತ್ತೆ. ಹಗುರ ಆದ ಕೆ.ಜಿ.ನೇ ಪೌಂಡು."

"ನೋಡಿದ್ರಾ!" ಎಂದು ಮುನಿವೆಂಕಟಪ್ಪ ವಿಠ್ಠಲನ ಭುಜ ತಟ್ಟಿದರು. ವಿಠ್ಠಲ ಬಾಯಿ ತೆರೆದು ನಿಂತುಬಿಟ್ಟ. ವ್ಯಾಪಾರಕ್ಕೆ ಕೂತ ಮೇಲೆ ಇಂಥ ವಿವರಣೆ ಅವನಿಗೆ ಸಿಕ್ಕಿದ್ದು ಇದೇ ಮೊದಲು.

"ಕರೀದು ಸಾಕೇನೋ ಸಾರ್," ಎಂದ ಅವನು. "ಅದರ ಫ್ಯಾನು ಕಳೆ ಕತ್ತರಿಸೋ ಥರದ್ದು ಅಂತ ಕಂಪ್ನಿಯೋರು ಹೇಳಿದ್ರು. ಬಿಳೀದು ಸಮುದ್ರಕ್ಕೆ. ಕಂಬಿ ಉದ್ದ."

ರಾಯರಿಗೆ ಒಳಗೊಳಗೇ ಕರಿಯ ಮೋಟಾರಿನ ಮೇಲೆ ಮನಸ್ಸಿತ್ತು. ಅದು ಅವರ ಹಾಗೇ ಮೂಲೆಯಲ್ಲಿ ತೆಪ್ಪಗಿತ್ತು. ಆದರೆ ಮುನಿವೆಂಕಟಪ್ಪ ಆಗಲೇ ಬಿಳಿಯದನ್ನು ಸವರುತ್ತಿದ್ದರು.

"ಸಮುದ್ರದಲ್ಲಿ ಇದ್ದೋರಿಗೆ ಸಮುದ್ರದ್ದೇ ಸರಿ ಅನ್ಸುತ್ತೆ ಅಲ್ವಾ ಸಾರ್?"

ಈ ಸಲ ಬಾಯಲ್ಲಿ ವಡೆ ಇರಲಿಲ್ಲ. ಆದರೂ ರಾಯರ ತಲೆ ಆಡಿತು. ಇದು ಮಾತ್ರ ನಿಸ್ಸಂದೇಹವಾಗಿ ತಲೆಯಾಡಿಸಿದ್ದೇ; ಎರಡು ಪಕ್ಷಗಳೂ ಇದನ್ನು ಒಪ್ಪುತ್ತವೆ.

ಉದ್ಘಾಟನೆಗೆ ಭಾನುವಾರ ನಿಗದಿಯಾಯಿತು. ಶನಿವಾರ ಸಂಜೆ ಮುನಿವೆಂಕಟಪ್ಪನವರ ತಾಯಿ ಪಾಪಮ್ಮ ರಾಯರನ್ನು ಮನೆಗೆ ಕರೆಸಿಕೊಂಡರು. ಎಂಬತ್ತು ದಾಟಿದ ಮುದುಕಿ. ಜಗಲಿಯ ಮೇಲೆ ಎಲೆ ಅಡಿಕೆಯ ಚೀಲ ಬಿಚ್ಚಿಕೊಂಡು ಕೂತಿದ್ದರು.

"ಸ್ವಾಮಿ, ನಮ್ಮ ಯಜಮಾನ್ರು ಇದೇ ಕೆರೇಲಿ ತೆಪ್ಪ ಹಾಕ್ತಿದ್ರು. 'ಬಾರೇ ಪಾಪಿ, ಕೂತ್ಕೋ, ಆ ದಡಕ್ಕೆ ಹೋಗ್ಬರೋಣ' ಅಂತ ಕರೆಯೋರು. ನಂಗೆ ನೀರು ಅಂದ್ರೆ ಜೀವ ಹೋಯ್ತದೆ. ಒಂದು ಸಲಾನೂ ಹತ್ತಲಿಲ್ಲ. ಆಮ್ಯಾಕೆ ಅವ್ರೂ ಕರಿಯೋದ್ ಬಿಟ್ರು. ಈಗ ಅವ್ರ ಹೆಸ್ರಿನ ದೋಣಿ ಬಂದೈತೆ. ನಾಳೆ ನಾನು ಹತ್ತಬೇಕು ಅಂತ ಇವ್ನೀ."

"ಹತ್ತಿ ಅಮ್ಮಾ, ಒಳ್ಳೇದು," ಎಂದರು ರಾಯರು.

"ನೀವು ಜೊತೆಗಿದ್ರೆ ಮಾತ್ರ. ನನ್ನ ಮಗ ಇದ್ರೂ ಧೈರ್ಯ ಇಲ್ಲ, ಅವನಿಗೆ ಸ್ಕೂಟ್ರು ಓಡ್ಸೋಕೇ ಬರಲ್ಲ, ಕಾರಿಗೂ ಡ್ರೈವರ್ ಬೇಕು. ನೀವು ನೀರಲ್ಲೇ ಕೆಲಸ ಮಾಡ್ದೋರು. ನಿಮ್ಮನ್ನ ನಂಬ್ಕೊಂಡು ಹತ್ತುತೀನಿ."

ರಾಯರಿಗೆ ಕೂತ ಜಗಲಿ ಬಿಸಿಯಾದ ಹಾಗಾಯಿತು. ಸಲ್ಯೂಟು, ಸ್ಟ್ರಾಂಗ್ ಕಾಫಿ, ಕಡಲ್ಗಳ್ಳರು, ಇವನ್ನೆಲ್ಲ ಹೇಗೋ ನುಂಗಿಕೊಂಡಿದ್ದರು. ಇದು ಗಂಟಲಲ್ಲಿ ಇಳಿಯಲಿಲ್ಲ. "ಪಾಪಮ್ಮನವರೇ, ನಾನೊಂದು ಮಾತು ಹೇಳ್ಬೇಕು. ನಾನು ನಿಜವಾಗಿ..." ಎಂದು ಶುರು ಮಾಡಿದರು. ಅಷ್ಟರಲ್ಲಿ ಮುನಿವೆಂಕಟಪ್ಪ ಒಳಗಿನಿಂದ ಒಂದು ಪೊಟ್ಟಣ ತಂದು ಅವರ ತೊಡೆಯ ಮೇಲಿಟ್ಟರು. ಒಳಗೆ ಬಿಳಿ ಪ್ಯಾಂಟು, ಬಿಳಿ ಷರ್ಟು, ಬಿಳಿ ಟೋಪಿ.

"ಹಳೇ ಯೂನಿಫಾರಂ ಈಗ ಹಿಡಿಯಲ್ಲ ಅನ್ಕೊಂಡು ಹೊಸದೇ ಹೊಲಿಸ್ಬಿಟ್ಟೆ ಸಾರ್. ಅಳತೆ ಅಕ್ಕಾವ್ರು ಕೊಟ್ರು."

ಮನೆಗೆ ಬಂದು ಕೇಳಿದರೆ, ಅನಂತಲಕ್ಷ್ಮಿ ತಣ್ಣಗೆ ಹೇಳಿದರು: "ಕೇಳಿದ್ರು, ಕೊಟ್ಟೆ. ಮುಳುಗೋದಾದ್ರೆ ನೆಟ್ಟಗಿರೋ ಬಟ್ಟೇಲೇ ಮುಳುಗಿ ಅಂತ."

ಭಾನುವಾರ ಕೆರೆಯ ಏರಿಯ ಮೇಲೆ ಶಾಮಿಯಾನ, ಮೈಕು, ಕೇಸರಿಬಾತು. ಬಿಳಿ ಬಟ್ಟೆಯಲ್ಲಿ ರಾಯರು ಬಂದಾಗ ಜನ ಎದ್ದು ನಿಂತರು. ಟೋಪಿ ಒಂದು ಅಳತೆ ದೊಡ್ಡದಾಗಿ, ಕಿವಿಗಳ ಮೇಲೆ ಕೂತು, ಹುಬ್ಬಿನವರೆಗೆ ಇಳಿದಿತ್ತು. ಶಶಿಕಲಾ ಮೇಡಂ ತಮ್ಮ ಜೊತೆ ಕಿತ್ತಳೆ ಬಣ್ಣದ ಎರಡು ಲೈಫ್ ಜಾಕೆಟ್ ತಂದಿದ್ದರು. ಒಂದನ್ನು ಪಾಪಮ್ಮನಿಗೆ ತೊಡಿಸಿದರು. ಇನ್ನೊಂದಕ್ಕೆ ರಾಯರು ಆಸೆಯಿಂದ ಕೈ ಚಾಚಿದರು.

"ಅಯ್ಯೋ ಮೇಡಂ, ನೇವಿಯೋರಿಗೆ ಜಾಕೆಟ್ ಕೊಟ್ಟು ಅವಮಾನ ಮಾಡ್ತೀರಾ!" ಎಂದು ಮುನಿವೆಂಕಟಪ್ಪ ಅದನ್ನು ಕಿತ್ತುಕೊಂಡು, ದಡದಲ್ಲಿ ಕುರ್ಚಿಯ ಮೇಲೆ ಕೂತಿದ್ದ ಶಿವಕ್ಕನಿಗೆ ತೊಡಿಸಿದರು. ಶಿವಕ್ಕ ಕಾರ್ಯಕ್ರಮ ಮುಗಿಯುವವರೆಗೂ ಅದನ್ನು ಬಿಚ್ಚಲಿಲ್ಲ.

ದೋಣಿ ಹೊರಟಿತು. ಮೋಟಾರು ಸದ್ದಿಲ್ಲದೆ ತಿರುಗಿತು. ಆ ದಿನಕ್ಕೆಂದು ಮೇಲಿನ ಕಳೆ ಬಾಚಿ ಮಾಡಿದ್ದ ದಾರಿಯಲ್ಲಿ ಹತ್ತಾರು ಮಾರು ಚೆನ್ನಾಗಿಯೇ ಸಾಗಿತು. ಪಾಪಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ರಾಯರ ಮಣಿಕಟ್ಟು ಹಿಡಿದಿದ್ದರು. ದಡದಲ್ಲಿ ಚಪ್ಪಾಳೆ. ಒಂದು ಗಳಿಗೆ ರಾಯರಿಗೆ ತಾವು ನಿಜವಾಗಿಯೂ ನೌಕಾಪಡೆಯಲ್ಲಿದ್ದೆವೇನೋ, ಮೀನು ಮಾರ್ಕೆಟ್ಟೇ ಕೆಟ್ಟ ಕನಸೇನೋ ಅನ್ನಿಸಿತು.

ಕೆರೆಯ ನಟ್ಟನಡುವೆ ಆ ಸಮುದ್ರದ ಕಂಬಿ ಕೆಸರಿಗೆ ತಗುಲಿತು. ಫ್ಯಾನು ಹೂಳನ್ನು ಕಡೆದು, ನೀರಡಿಯಲ್ಲಿ ಸಿಕ್ಕಿದ ಕಳೆಯನ್ನೆಲ್ಲ ಜಡೆಯಂತೆ ಸುತ್ತಿಕೊಂಡು, ಒಮ್ಮೆ ಗೊರಕೆ ಹೊಡೆದು ನಿಂತುಹೋಯಿತು. ರಾಯರು ಗುಂಡಿ ಒತ್ತಿದರು. ಹಿಡಿ ತಿರುಗಿಸಿದರು. ಎತ್ತಲು ನೋಡಿದರು, ಅದು ಗಾಣಿಗರ ಕೆರೆಯಲ್ಲಿ ಬೇರು ಬಿಟ್ಟಿತ್ತು. ದೋಣಿ ಸುಮ್ಮನೆ ಸುತ್ತತೊಡಗಿತು.

"ಹಾರಿ ಸಾರ್! ಡೈವ್ ಹೊಡೀರಿ!" ಎಂದು ದಡದಿಂದ ಮುನಿವೆಂಕಟಪ್ಪ ಮೈಕಿನಲ್ಲಿ ಕೂಗಿದರು. "ನೋಡ್ತಾ ಇರಿ, ಈಗ ನಮ್ಮ ಸಾರ್ ಹಾರ್ತಾರೆ!"

"ಸ್ವಾಮಿ," ಎಂದರು ಪಾಪಮ್ಮ, ಕಣ್ಣು ತೆರೆಯದೆ. "ಯಾಕೆ ನಿಂತೈತೆ?"

ಮುದುಕಿಯ ಬೆರಳುಗಳು ರಾಯರ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ಇನ್ನು ಸುಳ್ಳು ಹೇಳಲು ಅವರಲ್ಲಿ ತ್ರಾಣ ಉಳಿದಿರಲಿಲ್ಲ.

"ಅಮ್ಮಾ, ನಾನು ನೇವೀಲಿ ಇರ್ಲಿಲ್ಲ. ಮೀನು ಮಾರ್ಕೆಟ್ಟಲ್ಲಿ ತಕ್ಕಡಿಗೆ ಮುದ್ರೆ ಒತ್ತುತಿದ್ದೆ. ಮೋಟಾರಿನ ಬಗ್ಗೆ ನಂಗೇನೂ ಗೊತ್ತಿಲ್ಲ. ಈಜೂ ಬರಲ್ಲ. ನಿಮ್ಮನ್ನ ಕರ್ಕೊಂಡು ಬರಬಾರ್ದಿತ್ತು. ದೊಡ್ಡ ತಪ್ಪಾಯ್ತು."

ಪಾಪಮ್ಮ ಒಂದು ಕಣ್ಣು ತೆರೆದರು.

"ಅಂಗಾರೆ ನಿಂಗೂ ಭಯ ಆಯ್ತಾ ಐತಾ?"

"ತುಂಬಾ."

"ಸದ್ಯ," ಎಂದು ಮುದುಕಿ ನಿಟ್ಟುಸಿರು ಬಿಟ್ಟರು. "ನಂಗೊಬ್ಬಳಿಗೇ ಅನ್ಕೊಂಡು ಮಾನ ಹೋಗಿತ್ತು." ಆಮೇಲೆ ಇನ್ನೊಂದು ಕಣ್ಣೂ ತೆರೆದು, ಮೊದಲ ಬಾರಿಗೆ ಸುತ್ತ ನೋಡಿದರು.

ಅಷ್ಟರಲ್ಲಿ ಶಶಿಕಲಾ ಮೇಡಂ ಮೈಕು ಕಸಿದುಕೊಂಡಿದ್ದರು. "ಸಾರ್, ಗಾಬರಿ ಆಗ್ಬೇಡಿ! ಅಲ್ಲಿ ಹೂಳು ತುಂಬಿದೆ. ಸೊಂಟದ ಮಟ್ಟ ನೀರು ಅಷ್ಟೇ. ಇಳಿದು ತಳ್ಳಿ!"

ಸೊಂಟದ ಮಟ್ಟ ಎಂಬುದು ರಾಯರಿಗೆ ಕೇಳಿಸಲಿಲ್ಲ. ಕೇಳಿಸಿದ್ದು 'ಇಳಿ' ಎಂಬುದೊಂದೇ. ಟೋಪಿ ತೆಗೆದು ಪಾಪಮ್ಮನ ಮಡಿಲಲ್ಲಿಟ್ಟರು. ಮನೆದೇವರನ್ನೂ ಮಂತ್ರಾಲಯದ ರಾಯರನ್ನೂ ನೆನೆದು, ಹೆಂಡತಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಮೂಗು ಹಿಡಿದು ಹಾರಿದರು. "ಕಾಪಾಡಿ!" ಎಂದು ಅವರು ಕೂಗಿದಾಗ ಅವರು ನೆಟ್ಟಗೆ ನಿಂತಿದ್ದರು. ನೀರು ಸೊಂಟಕ್ಕಿತ್ತು. ಮಂಡಿಯವರೆಗೆ ಕೆಸರು. ಇನ್ನೊಮ್ಮೆ ಕೂಗಿದ ಮೇಲೆ ಅವರಿಗೇ ಇದು ಗಮನಕ್ಕೆ ಬಂತು. ಆಗ ಕೂಗುವುದನ್ನು ನಿಲ್ಲಿಸಿದರು.

ಹಾಗೆ, ಕಂಬಿಯನ್ನು ಕೆಸರಿನಿಂದ ಅಲ್ಲಾಡಿಸಿ ಬಿಡಿಸಿಕೊಂಡು, ಬಿಳಿಯ ಬಟ್ಟೆ ಎದೆಯವರೆಗೆ ಕರ್ರಗಾಗಿ, ತಲೆಯ ಮೇಲೊಂದು ಅಂತರಗಂಗೆ ಗಿಡ ಕೂತು, ಒಂದೊಂದು ಹೆಜ್ಜೆಯನ್ನೂ ಪಚಕ್ಕನೆ ಕಿತ್ತಿಡುತ್ತ ಸುಧೀಂದ್ರ ರಾಯರು ದೋಣಿಯನ್ನು ಎಳೆದು ತಂದರು. ಒಳಗೆ ಪಾಪಮ್ಮ ನೌಕಾಪಡೆಯ ಟೋಪಿ ಹಾಕಿಕೊಂಡು ಮಹಾರಾಣಿಯ ಹಾಗೆ ಕೂತಿದ್ದರು.

ದಡ ಮುಟ್ಟಿದ ರಾಯರು ಯಾರ ಮುಖವನ್ನೂ ನೋಡದೆ ಸೀದಾ ಮೈಕಿನ ಬಳಿ ಹೋದರು.

"ನಾನು ನೇವೀಲಿ ಇರ್ಲಿಲ್ಲ," ಎಂದರು. "ಯಾವತ್ತೂ ಇರ್ಲಿಲ್ಲ. ಎಲ್ರೂ ಕ್ಷಮಿಸ್ಬೇಕು."

ಜನ ಚಪ್ಪಾಳೆ ತಟ್ಟಿದರು.

"ಎಂಥಾ ವಿನಯ ನೋಡಿ!" ಎಂದರು ಶಿವಕ್ಕ, ಜಾಕೆಟ್ಟಿನೊಳಗಿಂದ.

"ವಿನಯ ಅಲ್ಲಕ್ಕಾ, ರೂಲ್ಸು," ಎಂದು ಮುನಿವೆಂಕಟಪ್ಪ ತಿದ್ದಿದರು. "ಅವ್ರೆಲ್ಲ ರಿಟೈರಾದ್ಮೇಲೂ ಬಾಯಿ ಬಿಡೋ ಹಾಗಿಲ್ಲ."

"ಇಲ್ಲ ಸ್ವಾಮಿ! ನಿಜವಾಗ್ಲೂ! ನಾನು ಮೀನು ಮಾರ್ಕೆಟ್ಟಲ್ಲಿದ್ದೆ!"

"ಗುಪ್ತಚರ!" ಎಂದು ಹಿಂದಿನ ಸಾಲಿನವರು ಪಿಸುಗುಟ್ಟಿದರು. ಚಪ್ಪಾಳೆ ಹೆಚ್ಚಾಯಿತು. ಕೇಸರಿಬಾತಿನವನು ಕೂಡ ಸೌಟು ಕೆಳಗಿಟ್ಟು ತಟ್ಟಿದ. ರಾಯರ ಕಣ್ಣಲ್ಲಿ ನೀರು ಬಂತು. ತಪ್ಪೊಪ್ಪಿಕೊಂಡರೂ ಬಿಡದ ಜನರನ್ನು ಅವರು ಕಂಡದ್ದು ಅಂದೇ ಮೊದಲು.

ಆಗ ಅನಂತಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ಬಂದು ಮೈಕು ತೆಗೆದುಕೊಂಡರು.

"ನಾನು ಇವರ ಹೆಂಡ್ತಿ," ಎಂದರು. "ಕಾರವಾರದಲ್ಲಿ ಎರಡು ವರ್ಷ ಇವರ ಪ್ಯಾಂಟು ಒಗೆದೋಳು ನಾನು. ಬಂಗಡೆ ವಾಸನೆ ಬರ್ತಿತ್ತು, ಸಿಗಡಿ ವಾಸನೆ ಬರ್ತಿತ್ತು. ಯುದ್ಧನೌಕೆ ವಾಸನೆ ಒಂದು ದಿನಾನೂ ಬರ್ಲಿಲ್ಲ. ಇವರು ಹೇಳ್ತಾ ಇರೋದು ನಿಜ."

ಇಂಥ ಸಾಕ್ಷಿಯ ಮುಂದೆ ಯಾವ ರೂಲ್ಸೂ ನಿಲ್ಲಲಿಲ್ಲ. ಚಪ್ಪಾಳೆ ಅಲ್ಲಲ್ಲೇ ಸತ್ತಿತು. ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಏರಿ ನಕ್ಕಿತು. ನಗದೇ ಇದ್ದವರು ಮುನಿವೆಂಕಟಪ್ಪ ಒಬ್ಬರೇ. ಅವರು ರಾಯರ ಹತ್ತಿರ ಬಂದು, ಮೆಲ್ಲಗೆ, "ನಮ್ಮಮ್ಮನ್ನ ಕೂರಿಸ್ಕೊಂಡ್ರಲ್ಲ ಸಾರ್," ಎಂದರು. ಅಷ್ಟೇ. ಜನರ ನಗುವನ್ನು ಹೇಗೋ ಸಹಿಸಿಕೊಂಡಿದ್ದ ರಾಯರು ಈ ಮಾತಿಗೆ ಕುಗ್ಗಿಹೋದರು.

ಆಮೇಲೆ ಅವರು ಹಗಲಲ್ಲಿ ಹೊರಗೆ ಬರಲಿಲ್ಲ. ಬೆಳಕು ಹರಿಯುವ ಮೊದಲೇ ವಾಕಿಂಗ್ ಮುಗಿಸುತ್ತಿದ್ದರು. ಒಮ್ಮೆ ಪಾರ್ಕಿನ ಕಾವಲುಗಾರ ಅಭ್ಯಾಸಬಲದಿಂದ ಕೈ ಎತ್ತಿದವನು, ನೆನಪಾಗಿ, ಅದೇ ಕೈಯಿಂದ ಕಿವಿ ಕೆರೆದುಕೊಂಡ. ಶಿವಕ್ಕ ಮಾತ್ರ ಕಾಂಪೌಂಡಿನ ಮೇಲಿಂದ, "ಹಾಗಾದ್ರೆ ಆ ಕತ್ತಿ?" ಎಂದು ಕೇಳುವುದನ್ನು ಬಿಡಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮುನಿವೆಂಕಟಪ್ಪನವರ ಕಾರು ಮತ್ತೆ ಮನೆ ಮುಂದೆ ನಿಂತಿತು. ರಾಯರು ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಅನಂತಲಕ್ಷ್ಮಿ ಬಾಗಿಲು ಬಡಿದರು. "ರೀ, ಹೊರಗೆ ಬನ್ನಿ. ಒಳಗೆ ಸೊಂಟದ ಮಟ್ಟ ನೀರೂ ಇಲ್ಲ, ಅವಿತ್ಕೊಳ್ಳಕ್ಕೆ."

ಮುನಿವೆಂಕಟಪ್ಪ ಕೂರಲಿಲ್ಲ. ಮುಖ ಗಂಟಿಕ್ಕಿಯೇ ಇತ್ತು. "ಮೋಟ್ರು ಬದ್ಲಾಯಿಸ್ಬೇಕು. ಅಮ್ಮ ಮತ್ತೆ ಹೋಗ್ಬೇಕಂತೆ. ಅರ್ಧಕ್ಕೇ ನಿಂತೋಯ್ತು, ಆ ದಡ ನೋಡ್ಲಿಲ್ಲ ಅಂತ ಒಂದೇ ಹಟ. ನೀವೇ ಆರಿಸ್ಬೇಕಂತೆ."

"ನಾನಾ? ನಾನ್ಯಾಕೆ?"

"ನಾನೂ ಅದನ್ನೇ ಕೇಳ್ದೆ. ಈಜು ಬರ್ದೇ ಇರೋನು ಆರಿಸಿದ್ರೆ ನೋಡ್ಕೊಂಡು ಆರಿಸ್ತಾನೆ, ಅಂತಾಳೆ." ಹೇಳುತ್ತ ಹೇಳುತ್ತ ಅವರ ಮೀಸೆಯ ಒಂದು ತುದಿ ತಮಗೇ ತಿಳಿಯದಂತೆ ಮೇಲೆದ್ದಿತು. "ಬನ್ನಿ ಸಾರ್, ಹೊತ್ತಾಯ್ತು."

ನಾಯಂಡಹಳ್ಳಿಯ ಅಂಗಡಿಯಲ್ಲಿ ವಿಠ್ಠಲ ಗಿರಾಕಿಯೊಬ್ಬರ ಜೊತೆ ಮಾತಾಡುತ್ತಿದ್ದ. ಕೆಂಗೇರಿಯ ಆಚೆ ತೋಟ, ತೋಟದಲ್ಲೊಂದು ಹೊಂಡ, ಹೊಂಡಕ್ಕೊಂದು ಪುಟ್ಟ ದೋಣಿ ಮಾಡಿಕೊಂಡಿದ್ದ ಮನುಷ್ಯ ಅವರು. ಅವರ ಮುಂದೆ ಇನ್ನೊಂದು ಬಿಳಿಯ, ಎತ್ತರದ ಮೋಟಾರು ನಿಂತಿತ್ತು.

"ಕಣ್ಮುಚ್ಚಿ ತಗೊಳ್ಳಿ ಸಾರ್," ಎನ್ನುತ್ತಿದ್ದ ವಿಠ್ಠಲ. "ನೇವಿ ಆಫೀಸರೇ ಬಂದು ಇದನ್ನ ಆರಿಸ್ಕೊಂಡು ಹೋದ್ರು. ಆಮೇಲೆ ಮತ್ತೆ ತರಿಸಿ ಇನ್ನೂ ಇಬ್ರಿಗೆ ಕೊಟ್ಟೆ. ಅಗೋ, ಅವರೇ ಬಂದ್ರಲ್ಲ! ಅವರನ್ನೇ ಕೇಳಿ!"

ಗಿರಾಕಿ ಥಟ್ಟನೆ ತಿರುಗಿ, ಭಕ್ತಿಯಿಂದ ಕೈ ಮುಗಿದರು. "ಸಾರ್, ನೀವೇ ಹೇಳ್ಬೇಕು. ನಾನು ಯಾವುದು ತಗೊಳ್ಲಿ?"

ಮುನಿವೆಂಕಟಪ್ಪ ಬಾಗಿಲಿಗೆ ಒರಗಿ ನಿಂತರು. ರಾಯರಿಗೆ ಕಿವಿ ಬೆಚ್ಚಗಾಯಿತು. ಇನ್ನೂ ಇಬ್ಬರು ಎಲ್ಲೋ ಕೆಸರಲ್ಲಿ ಕಂಬಿ ನೆಟ್ಟುಕೊಂಡು ತಮ್ಮನ್ನು ಶಪಿಸುತ್ತಿರುವುದು ಕಣ್ಣಿಗೆ ಕಟ್ಟಿತು.

"ನಾನು ನೇವಿಯವನಲ್ಲ," ಎಂದರು. "ವಿಠ್ಠಲ, ಆ ಇಬ್ಬರ ಫೋನ್ ನಂಬರ್ ತೆಗಿ, ನಾನೇ ಮಾತಾಡ್ತೀನಿ." ಆಮೇಲೆ ಗಿರಾಕಿಯ ಕಡೆ ತಿರುಗಿದರು. "ನಿಮ್ಮ ಹೊಂಡ ಎಷ್ಟು ಆಳ ಇದೆ?"

"ಅದು ನೋಡಿಲ್ಲ ಸಾರ್."

"ಕಳೆ ಇದೆಯಾ? ಕೆಸರೆಷ್ಟು?"

"ಅದೂ ಗೊತ್ತಿಲ್ಲ."

ರಾಯರು ಒಂದು ಸ್ಟೂಲು ಎಳೆದುಕೊಂಡು ಕೂತರು.

"ಹಾಗಾದ್ರೆ ಈಗ ಏನೂ ತಗೋಬೇಡಿ. ಮನೆಗೆ ಹೋಗಿ, ಪಂಚೆ ಎತ್ತಿ ಕಟ್ಟಿ, ಒಂದು ಕೋಲು ಹಿಡ್ಕೊಂಡು ನೀವೇ ಇಳಿದು ನೋಡ್ಕೊಂಡು ಬನ್ನಿ. ಬಿಳಿ ಬಟ್ಟೆ ಮಾತ್ರ ಹಾಕ್ಕೋಬೇಡಿ."